ತೆಂಗಿನಕಾಯಿ ಗುರುತಿನ ಪಕ್ಷ ಮತ್ತು ವಿಲೀನ ಒಪ್ಪದ ಇಬ್ಬರು

ಬಿ.ಎಸ್. ಯಡಿಯೂರಪ್ಪನವರು 2012ರ ನವೆಂಬರ್ 30ರಂದು ಬಿಜೆಪಿ ತೊರೆದು, ಡಿಸೆಂಬರ್ 9ರಂದು ಹಾವೇರಿಯ ಸಮಾವೇಶದಲ್ಲಿ ಕರ್ನಾಟಕ ಜನತಾ ಪಕ್ಷದ (ಕೆಜೆಪಿ) ಮುಂದಾಳತ್ವ ವಹಿಸಿಕೊಂಡರು. ಮುಂದೆ ಆ ಪಕ್ಷಕ್ಕೆ ದೊರೆತ ಚುನಾವಣಾ ಗುರುತು ತೆಂಗಿನಕಾಯಿ. ಕಾಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಅಲ್ಲಾಡಿಸಿದರೆ ಸದ್ದು ಮಾಡುವವರೆಗೆ ತಿಂಗಳುಗಟ್ಟಲೆ ಕಾದು ಉಂಡೆ ಕೊಬ್ಬರಿ ತೆಗೆಯುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಈ ಗುರುತನ್ನು ಮತದಾರರಿಗೆ ಹೊಸದಾಗಿ ಪರಿಚಯಿಸಬೇಕಾದ ಅಗತ್ಯವೇನೂ ಇರಲಿಲ್ಲ. ಆದರೆ ಆ ಪಕ್ಷದ ಬಾಳಿಕೆ ಅಟ್ಟದ ಮೇಲಿನ ಕಾಯಿಗಿಂತ ಬಹಳ ಹೆಚ್ಚಿನದಾಗಲಿಲ್ಲ. 2014ರ ಜನವರಿಯಲ್ಲಿ, ಹಾವೇರಿ ಸಮಾವೇಶದ ಹದಿಮೂರು ತಿಂಗಳಿಗೆ, ಅದು ಬಿಜೆಪಿಯಲ್ಲಿ ವಿಲೀನವಾಯಿತು.

ನಡುವೆ ನಡೆದ 2013ರ ಮೇ ತಿಂಗಳ ವಿಧಾನಸಭಾ ಚುನಾವಣೆ ಈ ಒಡಕಿನ ಬೆಲೆಯನ್ನು ತೋರಿಸಿತ್ತು. 2008ರಲ್ಲಿ 110 ಸ್ಥಾನ ಗೆದ್ದಿದ್ದ ಬಿಜೆಪಿ 40ಕ್ಕೆ ಇಳಿದರೆ, ಶೇ 10ರ ಸಮೀಪ ಮತ ಪಡೆದ ಕೆಜೆಪಿ ಆರು ಸ್ಥಾನಗಳಿಗೆ ನಿಂತಿತು. ಹೋಳಾದ ಮತಗಳ ಲಾಭ ಪಡೆದ ಕಾಂಗ್ರೆಸ್ 122 ಸ್ಥಾನಗಳೊಂದಿಗೆ ಅಧಿಕಾರಕ್ಕೆ ಬಂದಿತು. ತೆಂಗಿನ ಸೀಮೆಯಲ್ಲಿ ಚಿಕ್ಕನಾಯಕನಹಳ್ಳಿಯಿಂದ ಜೆ.ಸಿ. ಮಾಧುಸ್ವಾಮಿ ಮತ್ತು ತುರುವೇಕೆರೆಯಿಂದ ಮಸಾಲೆ ಜಯರಾಂ ಕೆಜೆಪಿ ಅಭ್ಯರ್ಥಿಗಳಾಗಿ ಸೋತರು. ತಿಪಟೂರಿನಲ್ಲಿ ಬಿಜೆಪಿಯಲ್ಲೇ ಉಳಿದಿದ್ದ ಬಿ.ಸಿ. ನಾಗೇಶ್ ಕೂಡ ಸೋತರು.

ವಿಲೀನವೆಂದರೆ ಇಬ್ಬರು ನಾಯಕರು ವೇದಿಕೆಯ ಮೇಲೆ ಕೈ ಹಿಡಿದೆತ್ತುವ ಸಮಾರಂಭವೆಂದು ಹೊರಗಿನವರಿಗೆ ತೋರಬಹುದು. ಶಾಸಕನ ಪಾಲಿಗೆ ಅದು ಮೊದಲು ಲೆಕ್ಕದ ಪ್ರಶ್ನೆ. 1985ರ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ, ಅಂದರೆ ಸಾಮಾನ್ಯವಾಗಿ ಪಕ್ಷಾಂತರ ನಿಷೇಧ ಕಾಯ್ದೆ ಎಂದು ಕರೆಯಲಾಗುವ ನಿಯಮಾವಳಿಯ ಪ್ರಕಾರ, ತನ್ನನ್ನು ಗೆಲ್ಲಿಸಿದ ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ಬಿಟ್ಟ ಶಾಸಕನೂ, ವಿಪ್ ಎನ್ನಲಾಗುವ ಪಕ್ಷದ ಕಡ್ಡಾಯ ಸೂಚನೆಯನ್ನು ಅನುಮತಿಯಿಲ್ಲದೆ ಮೀರಿ ಸದನದಲ್ಲಿ ಮತ ಹಾಕಿದವನೂ ಸ್ಥಾನ ಕಳೆದುಕೊಳ್ಳಬಹುದು. ಮೊದಲು ಮೂರನೇ ಒಂದು ಭಾಗ ಶಾಸಕರು ಒಡೆದು ಹೋದರೆ ಅದನ್ನು ವಿಭಜನೆಯೆಂದು ಮನ್ನಿಸುವ ಅವಕಾಶವಿತ್ತು. 2003ರ 91ನೇ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಉಳಿದದ್ದು ನಾಲ್ಕನೇ ಕಂಡಿಕೆಯ ವಿಲೀನ ಮಾತ್ರ, ಮತ್ತು ಅದಕ್ಕೆ ಶಾಸಕಾಂಗ ಪಕ್ಷದ, ಅಂದರೆ ಸದನದಲ್ಲಿರುವ ಆ ಪಕ್ಷದ ಸದಸ್ಯರ, ಕನಿಷ್ಠ ಮೂರನೇ ಎರಡು ಭಾಗದ ಒಪ್ಪಿಗೆ ಬೇಕು.

ಆರರ ಮೂರನೇ ಎರಡು ಭಾಗ ನಾಲ್ಕು. ಶಿಕಾರಿಪುರದ ಯಡಿಯೂರಪ್ಪ, ಹಿರೇಕೆರೂರಿನ ಯು.ಬಿ. ಬಣಕಾರ, ಬೈಲಹೊಂಗಲದ ವಿಶ್ವನಾಥ ಪಾಟೀಲ, ಶಹಾಪುರದ ಗುರು ಪಾಟೀಲ ಶಿರವಾಳ ಇವರು ವಿಲೀನಕ್ಕೆ ಸಮ್ಮತಿಸಿದರು, ಆಳಂದದ ಬಿ.ಆರ್. ಪಾಟೀಲ ಮತ್ತು ಬೀದರಿನ ಗುರುಪಾದಪ್ಪ ನಾಗಮಾರಪಳ್ಳಿ ಸಮ್ಮತಿಸಲಿಲ್ಲ. ಹಾಗಾಗಿ ಸಂಖ್ಯೆ ಒಂದು ತಲೆಯೂ ಹೆಚ್ಚಿಲ್ಲದೆ, ಒಂದು ತಲೆಯೂ ಕಡಿಮೆಯಿಲ್ಲದೆ ಕೂಡಿಬಂತು. ಒಪ್ಪದವರು ಇಬ್ಬರ ಬದಲು ಮೂವರಾಗಿದ್ದರೆ ಕಾಯ್ದೆಯ ಕಣ್ಣಿನಲ್ಲಿ ಅದು ವಿಲೀನವೇ ಆಗುತ್ತಿರಲಿಲ್ಲ, ಬಿಜೆಪಿಗೆ ಹೋದ ಮೂವರು, ಪಕ್ಷ ಕಟ್ಟಿದ ಯಡಿಯೂರಪ್ಪನವರೂ ಸೇರಿದಂತೆ, ಶಾಸಕತ್ವವನ್ನೇ ಪಣಕ್ಕಿಡಬೇಕಾಗುತ್ತಿತ್ತು. ಹತ್ತು ಲಕ್ಷಗಳಲ್ಲಿ ಲೆಕ್ಕ ಹಾಕುವಷ್ಟು ಮತದಾರರು ಬೆಂಬಲಿಸಿದ್ದ ಪಕ್ಷವೊಂದರ ಭವಿಷ್ಯ ಒಬ್ಬ ಶಾಸಕನ ಹೂಂ ಅಥವಾ ಊಹೂಂ ಮೇಲೆ ನಿಂತಿತ್ತೆಂಬುದನ್ನು ಆಗ ಪತ್ರಿಕೆ ಓದಿದವರಲ್ಲಿ ಎಷ್ಟು ಮಂದಿ ಗಮನಿಸಿದರೋ.

ಭಿನ್ನಮತೀಯರಿಗೂ ಅದೇ ಕಂಡಿಕೆಯಲ್ಲಿ ಜಾಗವಿದೆ. ವಿಲೀನವನ್ನು ಒಪ್ಪದೆ ಪ್ರತ್ಯೇಕ ಗುಂಪಾಗಿ ಕೂರಲು ಬಯಸಿದವರು ಅನರ್ಹರಾಗುವುದಿಲ್ಲ. ಅವರು ಹೊಸ ಪಕ್ಷದ ವಿಪ್‌ಗೂ ಬದ್ಧರಲ್ಲ. ಬಿ.ಆರ್. ಪಾಟೀಲ ಮತ್ತು ನಾಗಮಾರಪಳ್ಳಿ ಈ ರಕ್ಷಣೆಯಲ್ಲೇ ಕೆಜೆಪಿ ಶಾಸಕರಾಗಿ ಉಳಿದರು. ಆದರೆ ಈ ರಕ್ಷಣೆಯ ಆಯುಷ್ಯ ಆ ಸದನದ ಅವಧಿಯಷ್ಟೇ. ಅವಧಿಯ ನಡುವೆ ತಾವಾಗಿ ಮತ್ತೊಂದು ಪಕ್ಷ ಸೇರುವ ಸ್ವಾತಂತ್ರ್ಯ ಅದರಲ್ಲಿ ಅಡಗಿದೆಯೆಂದು ಭಾವಿಸುವಂತಿಲ್ಲ. ಅಂಥವರು ರಾಜೀನಾಮೆ ಕೊಟ್ಟು ಉಪಚುನಾವಣೆ ಎದುರಿಸುವ ದಾರಿಯನ್ನೇ ಹಿಡಿಯಬೇಕಾಗುತ್ತದೆ. ನಾಗಮಾರಪಳ್ಳಿಯವರು 2015ರಲ್ಲಿ ನಿಧನರಾದರು. ಪಾಟೀಲರು 2018ರಲ್ಲಿ ಕಾಂಗ್ರೆಸ್ಸಿನಿಂದ ಸ್ಪರ್ಧಿಸಿ ಏಳುನೂರಕ್ಕೂ ಕಡಿಮೆ ಮತಗಳಿಂದ ಸೋತು, 2023ರಲ್ಲಿ ಅದೇ ಪಕ್ಷದಿಂದ ಆಳಂದವನ್ನು ಗೆದ್ದರು. ನಾಲ್ವರ ಸೇರ್ಪಡೆಯಿಂದ ಬಿಜೆಪಿಯ ಬಲ 44ಕ್ಕೇರಿ, 40 ಸ್ಥಾನಗಳ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿಯವರ ಬಳಿಯಿದ್ದ ವಿರೋಧ ಪಕ್ಷದ ನಾಯಕನ ಸ್ಥಾನ ಜಗದೀಶ ಶೆಟ್ಟರ್ ಅವರ ಪಾಲಾಯಿತು.

ಇಂಥ ಕಾಯ್ದೆಯೇ ಇಲ್ಲದ ಕಡೆ ಭಿನ್ನಮತ ಹೇಗೆ ನಡೆಯುತ್ತದೆಂಬುದಕ್ಕೆ ಕೆನಡಾ ಉದಾಹರಣೆಯಾಗಿದೆ. ಅಲ್ಲಿ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಮತ್ತು ಕೆನೇಡಿಯನ್ ಅಲಯನ್ಸ್ ಎಂಬ ಎರಡು ಬಲಪಂಥೀಯ ಪಕ್ಷಗಳು 2003ರ ಡಿಸೆಂಬರಿನಲ್ಲಿ ಒಂದಾದಾಗ, ಮೊದಲನೆಯ ಪಕ್ಷದ ಸಂಸದ ಸ್ಕಾಟ್ ಬ್ರೈಸನ್ ಕೆಲವೇ ದಿನಗಳಲ್ಲಿ ಎದುರಿನ ಲಿಬರಲ್ ಸಾಲಿಗೆ ನೇರವಾಗಿ ದಾಟಿ, ಸ್ಥಾನ ಉಳಿಸಿಕೊಂಡು, 2004ರಲ್ಲಿ ಮತ್ತೆ ಗೆದ್ದರು. ಮಾಜಿ ಪ್ರಧಾನಿ ಜೋ ಕ್ಲಾರ್ಕ್ ಹಳೆಯ ಪಕ್ಷದ ಹೆಸರಿನಲ್ಲೇ ಅವಧಿ ಮುಗಿಸಿ ನಿವೃತ್ತರಾದರು. ಅದೇ ಪಕ್ಷದ ಇನ್ನೊಬ್ಬ ಸಂಸದ ಜಾನ್ ಹೆರಾನ್ ಲಿಬರಲ್ ಅಭ್ಯರ್ಥಿಯಾಗಿ ನಿಂತು ಸೋತರು. ವಿಲೀನ ಮಾಡುವುದಿಲ್ಲವೆಂದು ಪಕ್ಷದ ನಾಯಕ ಪೀಟರ್ ಮೆಕೇ ಅವರಿಂದ ಲಿಖಿತ ಭರವಸೆ ಪಡೆದಿದ್ದ ಡೇವಿಡ್ ಆರ್ಚರ್ಡ್ ಸಂಸತ್ತಿನ ಸದಸ್ಯರಾಗಿರಲಿಲ್ಲ. ಆ ಭರವಸೆ ಉಳಿಯಲಿಲ್ಲ.

ಆರ್ಚರ್ಡ್ ಅವರ ಸ್ಥಿತಿ ತೆಂಗಿನ ಸೀಮೆಗೆ ಹೆಚ್ಚು ಹತ್ತಿರದ್ದು. ಅನುಸೂಚಿಯ ಕಟ್ಟುಪಾಡು, ರಕ್ಷಣೆ ಎರಡೂ ಸದನದ ಒಳಗಿರುವವರಿಗೆ ಮಾತ್ರ. ಸೋತ ಅಭ್ಯರ್ಥಿಗೆ, ಹೋಬಳಿಯ ಮುಖಂಡನಿಗೆ, ಬೂತಿನ ಕಾರ್ಯಕರ್ತನಿಗೆ ವಿಲೀನದ ಬಗ್ಗೆ ಮತ ಹಾಕುವ ಹಕ್ಕು ಕಾಯ್ದೆಯಲ್ಲಿಲ್ಲ. ಪಕ್ಷವನ್ನು ಮೊದಲು ನೋಂದಾಯಿಸಿದ್ದ ಪದ್ಮನಾಭ ಪ್ರಸನ್ನ ಅವರು ಕೆಜೆಪಿಯ ಹೆಸರನ್ನು ಉಳಿಸಿಕೊಂಡರೂ, ಹೆಸರಿನ ಹಿಂದೆ ಮತಗಳು ಉಳಿಯಲಿಲ್ಲ. ತೆಂಗಿನ ಸೀಮೆಯ ನಾಯಕನೊಬ್ಬ ಸಿಟ್ಟಿನಿಂದ ಪಕ್ಷೇತರನಾಗಿ ಉಳಿಯುವುದಕ್ಕೆ ಇನ್ನೊಂದು ತೊಡಕೂ ಇದೆ. ಉಂಡೆ ಕೊಬ್ಬರಿಯ ಬೆಂಬಲ ಬೆಲೆಯನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರ (2023ರಲ್ಲಿ ಕ್ವಿಂಟಾಲಿಗೆ 11,750 ರೂಪಾಯಿ, 2024ರಲ್ಲಿ 12,000), ಖರೀದಿಗೆ ಇಳಿಯುವುದು ನಾಫೆಡ್. ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಕುಸಿದಾಗ ದೆಹಲಿಯವರೆಗೆ ಮಾತು ಮುಟ್ಟಿಸುವ ಪಕ್ಷವಿಲ್ಲದ ನಾಯಕನನ್ನು ಬೆಳೆಗಾರ ಗೌರವಿಸಬಹುದೇ ಹೊರತು ಕಾಯುತ್ತಾ ಕೂರಲಾರ.

ಮಾಧುಸ್ವಾಮಿಯವರು ಹಿಂದೆ ಜೆಡಿಯು ಶಾಸಕರಾಗಿದ್ದವರು, ಜನತಾ ಪರಂಪರೆಯ ಒಡಕುಗಳನ್ನು ಒಳಗಿನಿಂದ ಕಂಡವರು. ಕೆಜೆಪಿಯ ನಂತರ ಅವರೂ ಜಯರಾಂ ಅವರೂ ಬಿಜೆಪಿಗೆ ಬಂದರು. 2018ರಲ್ಲಿ ಇವರಿಬ್ಬರು ಮತ್ತು ನಾಗೇಶ್ ಗೆದ್ದು ಮೂರೂ ಕ್ಷೇತ್ರಗಳು ಕಮಲದ ಪಾಲಾದವು. 2019ರಲ್ಲಿ ಮಾಧುಸ್ವಾಮಿಯವರು, 2021ರಲ್ಲಿ ನಾಗೇಶ್ ಅವರು ಸಚಿವರಾದರು. ಹೋಗಿ ಬಂದವರಿಗೂ ಕದಲದೆ ಉಳಿದವರಿಗೂ ಕೊನೆಗೆ ಒಂದೇ ಪಂಕ್ತಿಯಲ್ಲಿ ಎಲೆ ಹಾಕಲಾಯಿತು. ವಿಲೀನ ಮತಗಳನ್ನು ಶಾಶ್ವತವಾಗಿ ಬೆಸೆಯುತ್ತದೆಂಬ ನಂಬಿಕೆ ಮಾತ್ರ ಇಲ್ಲಿ ನಿಲ್ಲಲಿಲ್ಲ. ಮತಗಳು ಕಮಲಕ್ಕೂ ತೆಂಗಿನಕಾಯಿಗೂ ಹಂಚಿಹೋಗಿದ್ದ 2013ರಲ್ಲಿ ತಿಪಟೂರಿನಿಂದ ಕಾಂಗ್ರೆಸ್ಸಿನ ಕೆ. ಷಡಕ್ಷರಿ, ತುರುವೇಕೆರೆಯಿಂದ ಜೆಡಿಎಸ್‌ನ ಎಂ.ಟಿ. ಕೃಷ್ಣಪ್ಪ, ಚಿಕ್ಕನಾಯಕನಹಳ್ಳಿಯಿಂದ ಜೆಡಿಎಸ್‌ನ ಸಿ.ಬಿ. ಸುರೇಶ್ ಬಾಬು ಗೆದ್ದಿದ್ದರು. ತೆಂಗಿನಕಾಯಿಯ ಹಂಗಿಲ್ಲದ 2023ರಲ್ಲಿಯೂ ಗೆದ್ದವರು ಇದೇ ಮೂವರು.