ಬುಲೆಟ್ ಕವರ್ ಹೊಳೆಯಬೇಕಾದರೆ

ಮಳೆಗಾಲ ಮುಗಿದ ಕೂಡಲೇ ನಮ್ಮ ಕಡೆಯ ಅಂಗಳಗಳಲ್ಲಿ ಹಳೆ ಬುಲೆಟ್‌ಗಳ ಸ್ನಾನ ಶುರು. ಕಡಲಿನ ಉಪ್ಪುಗಾಳಿ ಎಂಜಿನ್ ಬದಿಯ ಅಲ್ಯುಮಿನಿಯಂ ಕವರ್ ಮೇಲೆ ಬಿಳಿ ಬಿಳಿ ಕಲೆ ಬಿಟ್ಟಿರುತ್ತದೆ. ಅದನ್ನು ತೆಗೆಯಲಿಕ್ಕೆ ಈಗಿನ ಹುಡುಗರು ಪೆನ್ನಿನ ಹಾಗೆ ಹಿಡಿಯುವ ಸಣ್ಣ ರೋಟರಿ ಮೆಷಿನ್ ತರಿಸುತ್ತಾರೆ. ಯಾವ ಕಂಪೆನಿಯದ್ದಾದರೂ ಹೆಚ್ಚಿನವರ ಬಾಯಲ್ಲಿ ಅದು ಡ್ರೆಮೆಲ್ಲೇ. ಸಾಮಾನು ಒಳ್ಳೆಯದು. ಆದರೆ ಅದರ ಕೆಲವು ಮಾಡೆಲ್‌ಗಳು ನಿಮಿಷಕ್ಕೆ 30 ಸಾವಿರಕ್ಕಿಂತಲೂ ಹೆಚ್ಚು ಸುತ್ತು ತಿರುಗುತ್ತವೆ ಅಂತ ಮನೆಯ ಹಿರಿಯರಲ್ಲಿ ಎಷ್ಟು ಮಂದಿಗೆ ಗೊತ್ತುಂಟು?

ಪಾಲಿಶ್ ಕೆಲಸಕ್ಕೆ ಅಷ್ಟು ವೇಗ ಬೇಡವೇ ಬೇಡ. ಉಣ್ಣೆಯ ಫೆಲ್ಟ್ ಚಕ್ರ, ತಂತಿ ಬ್ರಶ್ ಇವುಗಳನ್ನು 15 ಸಾವಿರ ಸುತ್ತಿಗಿಂತ ಮೇಲೆ ಓಡಿಸಬಾರದು. ವೇಗ ಹೆಚ್ಚಾದರೆ ಬ್ರಶ್ಶಿನ ತಂತಿ ಒಂದೊಂದೇ ಕಿತ್ತು ಸೂಜಿಯ ಹಾಗೆ ಹಾರುತ್ತದೆ. ಅದು ಕಣ್ಣಿಗೆ ಬಿದ್ದರೆ? ಕೂಲಿಂಗ್ ಗ್ಲಾಸ್ ಹಾಕಿದ್ದೇನಲ್ಲ ಅಂತ ಹೇಳುವವರಿದ್ದಾರೆ. ಬದಿಯೂ ಮುಚ್ಚುವ ಕನ್ನಡಕವೇ ಬೇಕು ಮಾರಾಯ್ರೆ, ಕಣ್ಣಿನ ಮುಂದೆ ಅದರ ಬೆಲೆ ಏನು ಮಹಾ! ತುಂಬು ತೋಳಿನ ಸಡಿಲ ಅಂಗಿ, ಹೆಗಲ ಮೇಲೆ ಬೈರಾಸು, ನೂಲಿನ ಗ್ಲೌಸ್ ಮೂರೂ ಬೇಡ. ಚಕ್ರಕ್ಕೆ ಸುತ್ತಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಮೂಗಿಗೆ ಮಾಸ್ಕ್ ಇರಲಿ. ಅಲ್ಯುಮಿನಿಯಂ ಹುಡಿ ರಾಶಿ ಬಿದ್ದ ಜಾಗದಲ್ಲಿ ಕಬ್ಬಿಣ ಉಜ್ಜಿ ಕಿಡಿ ಹಾರಿಸಬೇಡಿ, ಬೆಂಕಿ ಹಿಡಿಯುತ್ತದೆ.

ಇನ್ನು ಹೊಳಪಿನ ವಿಷಯ. ಮೆಷಿನ್ ಇಟ್ಟ ಕೂಡಲೇ ಕನ್ನಡಿ ಆಗುತ್ತದೆ ಅಂತ ನಂಬಿದವರ ಕವರ್ ನೋಡಿ, ಅಲೆ ಅಲೆಯಾಗಿರುತ್ತದೆ. ಸಣ್ಣ ಚಕ್ರ ದೊಡ್ಡ ಮೈಯಲ್ಲಿ ಒಂದೇ ಕಡೆ ನಿಂತರೆ ಹೊಂಡ ಬೀಳುತ್ತದೆ. ನಿಜವಾದ ಕೆಲಸ ಸ್ಯಾಂಡ್‌ಪೇಪರ್‌ನದ್ದು. ಮೊದಲು ಎಣ್ಣೆ ಜಿಡ್ಡು ತೊಳೆಯಿರಿ. ಕವರ್ ಮೇಲೆ ಲ್ಯಾಕರ್ ಇದ್ದರೆ ಪೇಂಟ್ ರಿಮೂವರ್ ಹಾಕಿ ತೆಗೆಯಿರಿ. ಆಮೇಲೆ 400, 600, 800, 1000 ಹೀಗೆ ನಂಬರ್ ಏರಿಸುತ್ತಾ ಸೋಪು ನೀರಲ್ಲಿ ಕೈಯಲ್ಲೇ ಉಜ್ಜಬೇಕು. ಹಿಂದಿನ ಪೇಪರ್‌ನ ಗೀರು ಪೂರ್ತಿ ಹೋಗದೆ ಮುಂದಿನದ್ದಕ್ಕೆ ಹೋಗಬಾರದು. ಕೈ ಸೋಲುವುದು ಇಲ್ಲಿಯೇ, ಹೆಚ್ಚಿನವರು ಬಿಟ್ಟುಬಿಡುವುದೂ ಇಲ್ಲಿಯೇ.

ರೋಟರಿ ಮೆಷಿನ್ ಬರುವುದು ಕೊನೆಗೆ, ಬೆರಳು ಹೋಗದ ಮೂಲೆಗಳಿಗೆ: ಬೋಲ್ಟ್ ಸುತ್ತ, ಅಕ್ಷರದ ಉಬ್ಬು, ಲಿವರ್ ತುದಿ. ಅಗಲ ಜಾಗಕ್ಕೆ ಡ್ರಿಲ್ಲಿಗೆ ದೊಡ್ಡ ಬಟ್ಟೆ ಚಕ್ರ ಸಿಕ್ಕಿಸಿದರೆ ಸಾಕು. ಫೆಲ್ಟ್‌ಗೆ ಮೊದಲು ಕಂದು ಬಣ್ಣದ ಟ್ರಿಪೋಲಿ, ಆಮೇಲೆ ಇನ್ನೊಂದು ಹೊಸ ಫೆಲ್ಟ್‌ಗೆ ನಯವಾದ ಪಾಲಿಶ್. ಒಂದೇ ಚಕ್ರಕ್ಕೆ ಎರಡನ್ನೂ ಹಚ್ಚಿದರೆ ಪುನಃ ಗೀರು. ಒತ್ತಬೇಡಿ, ಮುಟ್ಟಿದ ಹಾಗೆ ಓಡಿಸುತ್ತಿರಿ. ಲೋಹ ಕೈಗೆ ಬಿಸಿ ತಾಗಿದರೆ ನಿಲ್ಲಿಸಿ.

ಕ್ರೋಮ್ ಇರುವ ಸೈಲೆನ್ಸರ್, ಮಡ್‌ಗಾರ್ಡ್‌ಗೆ ಸ್ಯಾಂಡ್‌ಪೇಪರ್ ಮುಟ್ಟಿಸಲೇಬೇಡಿ. ಆ ಪದರ ಬಹಳ ತೆಳು, ಒಮ್ಮೆ ಹೋದರೆ ತುಕ್ಕಿಗೆ ಬಾಗಿಲು ತೆರೆದ ಹಾಗೆ. ಬ್ರೇಕ್ ಡಿಸ್ಕ್‌ಗೆ ಪಾಲಿಶ್, ವ್ಯಾಕ್ಸ್ ತಾಗಿದರಂತೂ ಬ್ರೇಕ್ ಹಿಡಿಯುವುದಿಲ್ಲ. ಹತ್ತಿರ ಕೆಲಸ ಮಾಡುವಾಗ ಪ್ಲಾಸ್ಟಿಕ್ ಸುತ್ತಿ ಮುಚ್ಚಿಡಿ.

ಲ್ಯಾಕರ್ ತೆಗೆದ ಅಲ್ಯುಮಿನಿಯಂ ನಮ್ಮ ಕರಾವಳಿ ಗಾಳಿಗೆ ಬೇಗ ಮಂಕಾಗುತ್ತದೆ. ಕೆಲಸ ಮುಗಿದ ದಿನವೇ ವ್ಯಾಕ್ಸ್ ಹಚ್ಚಿ, ಆಮೇಲೆ ಆಗಾಗ ಬಟ್ಟೆಯಲ್ಲಿ ಒರೆಸಿಕೊಂಡು ಪುನಃ ಹಚ್ಚುತ್ತಿರಬೇಕು. ಅಷ್ಟು ಪುರುಸೊತ್ತು ಇಲ್ಲದವರು ಲ್ಯಾಕರ್‌ಗೆ ಕೈ ಹಾಕದೆ ಬರೀ ತೊಳೆದು ಇಡುವುದೇ ವಾಸಿ.