ಶರತ್ಕಾಲದ ಶಿಶುಗೀತೆಗಳು: ಜಪಾನಿನಿಂದ ನಮ್ಮ ನಾಲ್ಕು ತಾಲ್ಲೂಕುಗಳಿಗೆ

ಜಪಾನಿನಲ್ಲಿ ಶರತ್ಕಾಲವನ್ನು ಕುರಿತ ಮಕ್ಕಳ ಹಾಡುಗಳು ಬಹಳವಾಗಿವೆ. ಅವುಗಳಲ್ಲಿ ಕೆಲವನ್ನು ಕನ್ನಡಿಸಿ ನಮ್ಮ ಮನೆಗಳಲ್ಲಿ ಹಿರಿಯರೂ ಕಿರಿಯರೂ ಕೂಡಿ ಹಾಡುವಂತೆ ಮಾಡಬಹುದೆ ಎಂಬುದು ಇಲ್ಲಿಯ ಪ್ರಶ್ನೆ. ಪ್ರಶ್ನೆಯನ್ನು ಗಾಳಿಯಲ್ಲಿ ತೂಗುವುದರ ಬದಲು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ನೆಲದ ಮೇಲಿಟ್ಟು ನೋಡುವುದು ನಮ್ಮ ಉದ್ದೇಶ.

ಮೊದಲು ಋತುವಿನ ಮಾತು. ಶರತ್ಕಾಲವೆಂದೊಡನೆ ಎಲೆ ಕೆಂಪಾಗಿ ಉದುರುವ ಕಾಲವೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಇದು ಇಂಗ್ಲಿಷ್ ಪದ್ಯಗಳಿಂದ ಬಂದದ್ದೇ ಹೊರತು ಕಣ್ಣಿನಿಂದ ಬಂದದ್ದಲ್ಲ. ಆಶ್ವಯುಜ ಕಾರ್ತಿಕಗಳಲ್ಲಿ ಈ ತಾಲ್ಲೂಕುಗಳಲ್ಲಿ ಕಾಣುವುದೇನು? ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಸುರಿಯುವ ಕಾಲವದು. 1932ರಲ್ಲಿ ಪೂರ್ಣಗೊಂಡ ಕನ್ನಂಬಾಡಿ ಕಟ್ಟೆಯ ನಾಲೆಗಳು ಹಾಯುವ ಕಡೆಯೆಲ್ಲ ಬತ್ತದ ಗದ್ದೆ ಹಸುರಾಗಿರುತ್ತದೆ. ನಾಗಮಂಗಲದ ಹೊಲಗಳಲ್ಲಿ ರಾಗಿ ತೆನೆಗಟ್ಟುತ್ತದೆ. ಅದರ ನಡುವಿನ ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳಿನ ಹಳದಿ ಹೂವು ಪಟ್ಟೆಪಟ್ಟೆಯಾಗಿ ಹೊಳೆಯುತ್ತದೆ. ನಮ್ಮ ಶರತ್ಕಾಲಕ್ಕೆ ಬಣ್ಣವೊಂದನ್ನು ಹೇಳಬೇಕಾದರೆ ಈ ಹಳದಿಯನ್ನೇ ಹೇಳಬೇಕು. ಅರಳಿ ಹೊಂಗೆಗಳು ಎಲೆ ಕಳೆದುಕೊಳ್ಳುವುದು ಮಾಗಿ ಕಳೆಯುವ ಹೊತ್ತಿಗೆ.

ಆದುದರಿಂದ ಜಪಾನಿನ ಹಾಡುಗಳಲ್ಲಿ ಅತ್ಯಂತ ಹೆಸರಾದ ‘ಮೊಮಿಜಿ’ ನಮ್ಮ ಮಕ್ಕಳಿಗೆ ಮೊದಲ ಹಾಡಾಗಲಾರದು. ತಕಾನೊ ತತ್ಸುಯುಕಿ ಸಾಹಿತ್ಯ ಬರೆದು ಒಕಾನೊ ತೆಯಿಚಿ ಸ್ವರ ಹಾಕಿದ ಈ ಹಾಡು 1911ರಲ್ಲಿ ಪ್ರಾಥಮಿಕ ಶಾಲೆಯ ಗೀತಪುಸ್ತಕದಲ್ಲಿ ಸೇರಿತು. ಕೆಂಪಾದ ಬೆಟ್ಟದ ಮರಗಳೇ ಅದರ ವಸ್ತು. ಕಿಕ್ಕೇರಿಯ ಮಗು ಅದನ್ನು ಹಾಡಿದರೆ ಕಾಣದ್ದನ್ನು ಹಾಡಿದಂತಾಗುತ್ತದೆ. ಅಂಥ ಹಾಡು ಶಾಲೆಯ ವಾರ್ಷಿಕೋತ್ಸವದ ದಿನ ಬಾಯಿಗೆ ಬಂದು ಮರುದಿನ ಮರೆತುಹೋಗುವುದು ಸಹಜ.

ಹುಳುಗಳ ದನಿಯನ್ನು ಹಾಡುವ ‘ಮುಶಿ ನೊ ಕೊಯೆ’ಗೆ ಈ ತೊಡಕಿಲ್ಲ, ಜೀರುಂಡೆ ಎಲ್ಲಿಯೂ ಕೂಗುತ್ತದೆ. ಚಂದ್ರನ ಹಾಡುಗಳಿಗೂ ಇಲ್ಲ. ಭಾದ್ರಪದದ ಹುಣ್ಣಿಮೆಯ ಆಸುಪಾಸಿನಲ್ಲಿ ಜಪಾನೀಯರು ಚಂದ್ರನಿಗೆ ಹಿಟ್ಟಿನ ಉಂಡೆಗಳನ್ನಿಟ್ಟು, ಅವನಲ್ಲಿ ಮೊಲವನ್ನು ಕಾಣುತ್ತಾರೆ. ಶಶಾಂಕನೆಂದು ಕರೆದವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಆದರೆ ನಮ್ಮ ಮನೆಗಳಿಗೆ ಎಲ್ಲಕ್ಕಿಂತ ಹತ್ತಿರವಾದುದು ‘ಅಕಾತೊಂಬೊ’, ಎಂದರೆ ಕೆಂಪು ಏರೋಪ್ಲೇನ್ ಚಿಟ್ಟೆ. ಮಿಕಿ ರೊಫು 1921ರಲ್ಲಿ ಬರೆದ ಈ ಕವಿತೆಗೆ ಯಮಾದ ಕೊಸಾಕು 1927ರಲ್ಲಿ ಸ್ವರ ಸಂಯೋಜಿಸಿದರು. ಸಂಜೆಯಲ್ಲಿ ಆ ಚಿಟ್ಟೆಯನ್ನು ಕಂಡವನಿಗೆ ತನ್ನನ್ನು ಬೆನ್ನ ಮೇಲೆ ಹೊತ್ತು ಸಾಕಿದ ಹುಡುಗಿಯ ನೆನಪಾಗುತ್ತದೆ. ಅವಳು ಹದಿನೈದರಲ್ಲಿ ಮದುವೆಯಾಗಿ ಹೋದಳು, ಆಮೇಲೆ ಊರಿನಿಂದ ಸುದ್ದಿಯೂ ನಿಂತಿತು. ಹೊರನೋಟಕ್ಕೆ ಚಿಟ್ಟೆಯ ಹಾಡು, ಒಳಗೆ ತವರು ಬಿಟ್ಟು ಹೋದವಳ ಹಾಡು. ಗೌರಿ ಹಬ್ಬಕ್ಕೆ ತವರಿನ ಬಾಗಿನದ ದಾರಿ ಕಾಯುವ ಸೀಮೆಯಲ್ಲಿ, 1942ರ ‘ಮೈಸೂರು ಮಲ್ಲಿಗೆ’ಯನ್ನು ಕೊಟ್ಟ ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರ ಸೀಮೆಯಲ್ಲಿ, ಈ ಹಾಡಿಗೆ ಕೇಳುಗರು ಸಿಕ್ಕದಿರುವರೆ? ಮಗು ಚಿಟ್ಟೆಗಾಗಿ ಹಾಡುತ್ತದೆ, ಅಜ್ಜಿ ಹುಡುಗಿಗಾಗಿ ಕೇಳುತ್ತಾಳೆ. ಮನೆಮಂದಿಯೆಲ್ಲ ಕೂಡಿ ಹಾಡುವ ಗೀತೆಯಲ್ಲಿ ಇಂಥ ಎರಡು ಪದರ ಇರಬೇಕೆಂದೇ ನಮ್ಮ ಅಭಿಪ್ರಾಯ.

ಚಿಟ್ಟೆಯೂ ನಮಗೆ ಹೊರಗಿನದಲ್ಲ. ‘ಪಂಟಾಲ ಫ್ಲೇವೆಸೆನ್ಸ್’ ಎಂಬ ಜಾತಿ ಜಪಾನಿನಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಅಕ್ಟೋಬರಿನ ವೇಳೆಗೆ ಇವು ದಕ್ಷಿಣ ಭಾರತದಿಂದ ಮಾಲ್ಡೀವ್ಸ್ ದ್ವೀಪಗಳ ಮೇಲೆ ಹಾದು ಪೂರ್ವ ಆಫ್ರಿಕದವರೆಗೆ ಸಮುದ್ರ ದಾಟುತ್ತವೆಂದು ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರತಿಪಾದಿಸಿದರು. ಹುಡುಗರು ಬಾಲಕ್ಕೆ ದಾರ ಕಟ್ಟುವ ಮೊದಲು ಇದನ್ನು ತಿಳಿಸುವುದೊಳ್ಳೆಯದು.

ಇನ್ನು ಸಂಗೀತ. ಆ ಧಾಟಿಯಲ್ಲಿ ಮಧ್ಯಮ ನಿಷಾದಗಳಿಲ್ಲ. ಉಳಿದ ಐದು ಸ್ವರಗಳು ನಮ್ಮ ಮೋಹನ ರಾಗದವೇ. ಅದು ಮೋಹನವೆಂದು ನಾವು ಹೇಳುವುದಿಲ್ಲ, ಗಮಕವಿಲ್ಲದ ಮೋಹನವಿಲ್ಲ. ಆದರೆ ಕಿವಿಗೆ ಅಪರಿಚಿತವೆನಿಸದು. ನಡಿಗೆ ಮೂರರ ಎಣಿಕೆಯದು. ಜಪಾನಿ ಭಾಷೆಯಲ್ಲಿ ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು ಮಾತ್ರೆಯ ಕಾಲ ಸಲ್ಲುವುದರಿಂದ ನಮ್ಮ ಲಘುಗುರುಗಳ ಲೆಕ್ಕಕ್ಕೆ ಅದು ಸಮೀಪದ್ದು. ಉತ್ಸಾಹದ ಮೂರು ಮಾತ್ರೆಯ ಗಣಗಳಲ್ಲಿ ಕನ್ನಡಿಸಿದರೆ ಎಳೆದಾಟವಿಲ್ಲದೆ ಕೂರಬಹುದು. ಅನ್ಯಭಾಷೆಯ ಕವಿತೆಯನ್ನು ನಮ್ಮ ನೆಲಕ್ಕೆ ಒಗ್ಗಿಸುವ ದಾರಿಯನ್ನು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ತೋರಿಸಿಯೇ ಇದ್ದಾರೆ. ಅವರ ಹೆಸರಿನ ಬೆಳ್ಳೂರು ಈ ನಾಗಮಂಗಲ ತಾಲ್ಲೂಕಿನದೇ.

ಹಾಡು ಸಿಕ್ಕರೆ ಸಾಲದು, ಹಾಡುವ ಸಂದರ್ಭವೂ ಬೇಕು. ಹಳೆಯ ಮೈಸೂರು ಸೀಮೆಯಲ್ಲಿ ಅದು ಇತ್ತು. ನವರಾತ್ರಿಯಲ್ಲಿ ಕೂಲಿಮಠದ ಹುಡುಗರು ಗುರುಗಳೊಡನೆ ಮನೆಮನೆಗೆ ಹೋಗಿ ಮಹಾನವಮಿಯ ಚೌಪದ ಹಾಡಿ ಮನೆಯವರನ್ನು ಹರಸುತ್ತಿದ್ದರು. ಬಂದ ಕಾಣಿಕೆ ಗುರುಗಳ ಜೀವನಕ್ಕೆ ಒದಗುತ್ತಿತ್ತು. ರಾಜ ಒಡೆಯರು 1610ರಲ್ಲಿ ದಸರೆಯನ್ನು ಆರಂಭಿಸಿದ ಶ್ರೀರಂಗಪಟ್ಟಣದ ಸುತ್ತಿನಲ್ಲಿ ಮಹಾನವಮಿಗೆ ಮಕ್ಕಳ ಹಾಡು ಕೂಡಿಬಂದುದು ಯುಕ್ತವೇ. ಕೂಲಿಮಠ ಹೋಗಿ ಸಂಬಳದ ಶಾಲೆ ಬಂತು. ಅದು ಬೇಕಾಗಿಯೇ ಇತ್ತು. ಆದರೆ ಹೊಸ ಶಾಲೆ ಚೌಪದವನ್ನು ತನ್ನದಾಗಿಸಿಕೊಳ್ಳಲಿಲ್ಲ, ಹಾಡು ಗುರುವಿನ ಜೀವನೋಪಾಯದೊಡನೆಯೇ ಹೋಯಿತು. ಜಪಾನಿನಲ್ಲಿ ಶಾಲೆಯೇ ಋತುವಿನ ಹಾಡನ್ನು ಪುಸ್ತಕಕ್ಕೆ ತಂದಿತು. 1918ರಲ್ಲಿ ಸುಜುಕಿ ಮಿಯೆಕಿಚಿಯವರು ತೆರೆದ ‘ಅಕಾಯಿ ತೊರಿ’ ಪತ್ರಿಕೆ ಕವಿಗಳನ್ನು ಮಕ್ಕಳ ಕಡೆಗೆ ತಿರುಗಿಸಿತು. ಅಲ್ಲಿಯ ಸಾಂಸ್ಕೃತಿಕ ಇಲಾಖೆ ತಾಯಿತಂದೆಯರೂ ಮಕ್ಕಳೂ ಕೂಡಿ ಹಾಡಲೆಂದು ಆರಿಸಿ 2007ರಲ್ಲಿ ಪ್ರಕಟಿಸಿದ 101 ಹಾಡುಗಳಲ್ಲಿ ‘ಅಕಾತೊಂಬೊ’, ‘ಮೊಮಿಜಿ’ ಎರಡೂ ಇವೆ.

ನಮ್ಮಲ್ಲಿ ಈಗ ಉಳಿದಿರುವ ಸಂದರ್ಭ ಬೊಂಬೆ ಕೂರಿಸುವ ಮನೆಗಳ ಸಂಜೆ. ಪಟ್ಟದ ಬೊಂಬೆಗಳ ಮುಂದೆ ನೆರೆಮನೆಯ ಮಕ್ಕಳನ್ನು ಕೂರಿಸಿ ಒಂದು ಹಾಡು ಹೇಳಿಸಿ, ಆಮೇಲೆ ಬೊಂಬೆ ಬಾಗಿನ ಕೈಗಿಡುವ ರೂಢಿಯುಂಟು. ಚಿಟ್ಟೆಯ ಹಾಡು ಅಲ್ಲಿ ಹಾಡಿಸತಕ್ಕದ್ದು. ಅದರ ಪಕ್ಕದಲ್ಲಿ, ಊರಿನ ಹಿರಿಯರಿಗೆ ನೆನಪಿದ್ದರೆ, ಚೌಪದದ ಎರಡು ನುಡಿ. ಎಲೆಯ ಹಾಡನ್ನು ಕಲಿಸಲೇಬೇಕೆನ್ನುವ ಉಪಾಧ್ಯಾಯರು ಮಾಘದವರೆಗೆ ಕಾದು, ಮಕ್ಕಳನ್ನು ಹೊಂಗೆಯ ಮರದಡಿಗೆ ಕರೆದುಕೊಂಡು ಹೋಗಬಹುದು.