ತಲಕಾಡಿಗೆ ಮರಳು ಬಂದದ್ದು ಎಲ್ಲಿಂದ?

ಬೆಂಗಳೂರಿನ ದಕ್ಷಿಣದ ಚಿಕ್ಕಲಸಂದ್ರಕ್ಕೆ ನದಿಯಿಲ್ಲ. ಹೆಸರಿನ ಕೊನೆಯ ‘ಸಂದ್ರ’ ಎಂಬುದು ‘ಸಮುದ್ರ’ದ ಸವೆದ ರೂಪ, ಕೆರೆಯನ್ನೇ ಸಮುದ್ರವೆಂದು ಕರೆದು ತೃಪ್ತಿಪಟ್ಟ ಸೀಮೆ ಇದು. ಈಗ ಈ ಬಡಾವಣೆಗಳ ನಲ್ಲಿಗಳಲ್ಲಿ ಬರುವುದು ಕಾವೇರಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪುಗಳ ಬಲದಿಂದ ಮೇಲೇರಿ ಬರುವ ಆ ನೀರು ಅದಕ್ಕೂ ಮುನ್ನ ಹಾದುಬರುವ ಊರು ತಲಕಾಡು.

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡು ಮೈದುಂಬಿದ ಕಾವೇರಿ ತಲಕಾಡಿನ ಬಳಿ ಥಟ್ಟನೆ ಬಾಗುತ್ತದೆ. ಎಡದಂಡೆಯಲ್ಲಿ ತಲಕಾಡು, ಎದುರು ದಡದಲ್ಲಿ ಮಾಲಂಗಿ. ತಲ, ಕಾಡ ಎಂಬ ಬೇಡರಿಬ್ಬರಿಂದ ಊರಿಗೆ ಹೆಸರು ಬಂತೆಂದು ಸ್ಥಳಪುರಾಣ ಹೇಳುತ್ತದೆ. ಶಾಸನಗಳು ಇದನ್ನು ತಲವನಪುರ ಎನ್ನುತ್ತವೆ.

ಕೋಲಾರದಲ್ಲಿದ್ದ ಗಂಗರು ಹರಿವರ್ಮನ ಕಾಲಕ್ಕೆ ಇಲ್ಲಿಗೆ ಬಂದರು. ಗುಡ್ಡಗಾಡಿನ ಕೋಲಾರ ಬಿಟ್ಟು ಈ ತಗ್ಗಿಗೆ ಏಕೆ ಬಂದರು? ನದಿಯೇ ಉತ್ತರವೆನ್ನಬೇಕು. ಗದ್ದೆಗೆ ನೀರು, ಒಂದು ಮಗ್ಗುಲಿಗೆ ಕಾವಲು, ತಮಿಳುನಾಡಿನತ್ತ ಇಳಿಯುವ ಕಣಿವೆ. ಗಂಗವಾಡಿ ತೊಂಬತ್ತಾರು ಸಾವಿರದ ಆಳ್ವಿಕೆಗೆ ಶತಮಾನಗಳ ಕಾಲ ಈ ಊರು ನಡುಗಂಬವಾಗಿತ್ತು. ಚಿಕ್ಕಲಸಂದ್ರದ ಸುತ್ತಲಿನ ನೆಲವೂ ಅದರಲ್ಲೇ ಸೇರಿತ್ತು; ಬೆಂಗಳೂರೆಂಬ ಹೆಸರು ಮೊದಲು ಕಾಣಿಸುವ ಬೇಗೂರಿನ ಶಾಸನ ಸುಮಾರು 890ರ, ಗಂಗರ ಕಾಲದ್ದೇ.

ತಮಿಳುನಾಡಿನ ದಾರಿ ಎರಡೂ ಕಡೆಗೆ ತೆರೆದದ್ದು. ಸುಮಾರು 1004ರಲ್ಲಿ ರಾಜರಾಜ ಚೋಳನ ಸೇನೆ ಬಂದು ಗಂಗರ ಆಳ್ವಿಕೆಯನ್ನು ಮುಗಿಸಿತು, ಊರು ರಾಜರಾಜಪುರವಾಯಿತು. ಒಂದು ಶತಮಾನದ ಮೇಲೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಅದನ್ನು ಕಸಿದುಕೊಂಡ. ಅರಸ ‘ತಲಕಾಡುಗೊಂಡ’ನೆಂಬ ಬಿರುದು ಧರಿಸಿ 1117ರಲ್ಲಿ ಕೀರ್ತಿನಾರಾಯಣ ದೇಗುಲ ಕಟ್ಟಿಸಿದ. ಒಂದು ಊರನ್ನು ಗೆದ್ದದ್ದಕ್ಕೆ ಬಿರುದು ಹೊತ್ತನೆಂದರೆ ಆ ಊರಿನ ತೂಕ ಎಷ್ಟಿದ್ದೀತು!

ಇಂಥ ಊರು ಮರಳಿನಡಿ ಹೋದದ್ದಕ್ಕೆ ನಮ್ಮ ಜನ ಕೊಡುವ ಕಾರಣ ಅಲಮೇಲಮ್ಮನ ಶಾಪ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಮಾಡಿಕೊಂಡಾಗ ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮ ಆಭರಣಗಳೊಡನೆ ಮಾಲಂಗಿಯ ಮಡುವಿಗೆ ಹಾರಿದಳು, ಹಾರುವ ಮುನ್ನ ಶಪಿಸಿದಳು ಎನ್ನುತ್ತಾರೆ. ಕಥೆಯಲ್ಲಿ ನೋವಿದೆ, ನಂಬುವವರನ್ನು ಹೀಯಾಳಿಸಬೇಕಿಲ್ಲ. ಆದರೆ ಮರಳಿಗೆ ಇನ್ನೊಂದು ಕಥೆಯುಂಟು, ಅದರಲ್ಲಿ ಮನುಷ್ಯನ ಕೈಯಿದೆ.

ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಕಾಲಕ್ಕೆ, ತಲಕಾಡಿನ ಮೇಲ್ಭಾಗದಲ್ಲಿ ಕಾವೇರಿಗೆ ಒಂದು ಅಣೆಕಟ್ಟು ಬಿತ್ತು. ಇಂದಿಗೂ ಅದು ಮಾಧವಮಂತ್ರಿ ಕಟ್ಟೆ ಎಂದೇ ಹೆಸರಾಗಿದೆ. ನೀರು ಕಾಲುವೆಗೆ ತಿರುಗಿತು, ಗದ್ದೆಗಳು ಹಸಿರಾದವು. ಕೆಳಗೆ ಹರಿವು ಕುಗ್ಗಿದಾಗ ತಿರುವಿನಲ್ಲಿ ರಾಶಿಬಿದ್ದ ಮರಳು ಬಿಸಿಲಿಗೆ ಒಣಗಿ ಬಯಲಾಯಿತು. ನೈರುತ್ಯ ಮುಂಗಾರಿನ ಗಾಳಿ ಅದನ್ನೆತ್ತಿ ಊರಿನ ಮೇಲೆ ಸುರಿಯತೊಡಗಿತು. ವಿಜ್ಞಾನಿ, ಕಾದಂಬರಿಕಾರ ಕೆ. ಎನ್. ಗಣೇಶಯ್ಯನವರು ಈ ವಾದವನ್ನು ವಿವರವಾಗಿ ಮಂಡಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿ. ಎಲ್. ರೈಸ್ ತಮ್ಮ ಗೆಜೆಟಿಯರ್‌ನಲ್ಲಿ ಮರಳು ವರ್ಷಕ್ಕೆ 9–10 ಅಡಿ ಮುನ್ನುಗ್ಗುತ್ತಿದೆ, ಅದೂ ಹೆಚ್ಚಾಗಿ ಮುಂಗಾರಿನಲ್ಲಿ ಎಂದು ಬರೆದರು. ಮೂವತ್ತಕ್ಕೂ ಹೆಚ್ಚು ಗುಡಿಗಳು ಅದರಡಿ ಇವೆಯೆಂದೂ ದಾಖಲಿಸಿದರು. ಜನ ಮನೆ ಬಿಟ್ಟು ಹಿಂದಕ್ಕೆ ಸರಿದು ಮತ್ತೆ ಮನೆ ಕಟ್ಟಿಕೊಂಡರು. ಗದ್ದೆಗೆ ನೀರು ಕೊಟ್ಟ ಕಟ್ಟೆಯನ್ನು ಒಡೆಯಿರೆಂದು ಯಾರು ತಾನೆ ಹೇಳಿಯಾರು?

ಕಾರ್ತಿಕ ಮಾಸದ ಅಮಾವಾಸ್ಯೆ ಸೋಮವಾರ ಬಿದ್ದು ನಕ್ಷತ್ರಯೋಗ ಕೂಡಿದಾಗ ಪಂಚಲಿಂಗ ದರ್ಶನ ನಡೆಯುತ್ತದೆ. 2013ರಲ್ಲಿ ನಡೆದದ್ದು ಮತ್ತೆ ಕೂಡಿಬಂದದ್ದು 2020ರಲ್ಲಿ. ಪಾತಾಳೇಶ್ವರನನ್ನು ಕಾಣಲು ಮರಳಿನ ನಡುವೆ ಮೆಟ್ಟಿಲಿಳಿಯಬೇಕು. ಐದರಲ್ಲಿ ಒಂದಾದ ಮುಡುಕುತೊರೆಯ ಮಲ್ಲಿಕಾರ್ಜುನ ಮಾತ್ರ ಗುಡ್ಡದ ಮೇಲಿದ್ದಾನೆ, ಮರಳು ಅಲ್ಲಿಗೆ ಹತ್ತಿಲ್ಲ. ತಲಕಾಡಿಗೆ ಹೋಗುವವರು ಮೊದಲು ಆ ಗುಡ್ಡವನ್ನೇ ಹತ್ತುವುದು ಒಳ್ಳೆಯದು. ಹೊಳೆ ಬಾಗುವ ಪರಿ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.